ಲೆಮ್ ಹ್ಯಾಸ್ಕೆಟ್ ಬೆನ್ನು ತಿರುಗಿಸುವುದಿಲ್ಲ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನಮ್ಮ ವಠಾರದ ಮರದಡಿ ಹಾಲಿನವನ ಬಾಟಲಿಗಳ ಸದ್ದು ಈಗಷ್ಟೇ ನಿಂತಿದೆ. ಎಡಸಾಲಿನ ಕೊನೆಯ ಮನೆಯ ಅಡುಗೆ ಕಿಟಕಿಯಲ್ಲಿ ಲೆಮ್ ಹ್ಯಾಸ್ಕೆಟ್ ನಿಂತಿದ್ದಾರೆ. ತಲೆಯ ಮೇಲೆ ಒಂದು ಬರಿ ಬಲ್ಬು, ಕೈಯಲ್ಲಿ ಕಾಫಿ, ಗಲ್ಲದ ಮೇಲೆ ಒರೆಸಲು ಮರೆತ ಸೋಪಿನ ಗೆರೆ. ಬಾಯಿ ಆಡುತ್ತಿದೆ, ದನಿಯಿಲ್ಲ. ಅಂಗಳದ ಈಚೆ, ನನ್ನ ಮನೆಯ ಮೆಟ್ಟಿಲ ಪಕ್ಕದಲ್ಲಿ, ಅವರ ಅಕ್ಕ ವರ್ನಾ ಶಾಲು ಹೊದ್ದು ನಿಂತು ಆ ಬಾಯನ್ನೇ ನೋಡುತ್ತಿದ್ದಾರೆ. ಮಾತು ಅರ್ಥವಾದರೆ ಬಲಗೈ ಎತ್ತುತ್ತಾರೆ. ಆಗದಿದ್ದರೆ ಎರಡೂ ಕೈ ಸೊಂಟದ ಮೇಲೆ. ಆ ನಿಲುವು ನೋಡಿದರೆ ಯಾವ ತಮ್ಮನಿಗಾದರೂ ತಪ್ಪು ತನ್ನದೇ ಎಂದು ಗೊತ್ತಾಗಬೇಕು.

ಇದು ಲೆಮ್ ಅವರ ತಾಲೀಮು. ಸ್ಟುಡಿಯೊದಿಂದ ಕರೆ ಬಂದ ದಿನವೂ ನಡೆಯುತ್ತದೆ, ಬಾರದ ದಿನವೂ ನಡೆಯುತ್ತದೆ. ಈಚೆಗೆ ಬಾರದ ದಿನಗಳೇ ಹೆಚ್ಚು. ವರ್ನಾಗೆ ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅಂದಿನಿಂದ ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಾರೆ. ಇಷ್ಟು ದೂರದಿಂದ, ಒಂದೇ ಬಲ್ಬಿನ ಬೆಳಕಲ್ಲಿ ಅಕ್ಕನಿಗೆ ಅರ್ಥವಾದರೆ ಸಿನಿಮಾ ಪರದೆಯ ಮೇಲೆ ಯಾರಿಗಾದರೂ ಅರ್ಥವಾಗುತ್ತದೆ ಎನ್ನುವುದು ಲೆಮ್ ನಂಬಿಕೆ. ಸಿನಿಮಾದಲ್ಲಿ ಲೆಮ್ ಹ್ಯಾಸ್ಕೆಟ್ ಬಾಯನ್ನು ಯಾರು ನೋಡುತ್ತಾರೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

ಅವರನ್ನು ನೀವು ನೋಡಿದ್ದೀರಿ. ಹೆಸರು ಗೊತ್ತಿರಲಿಕ್ಕಿಲ್ಲ, ಏಕೆಂದರೆ ಆ ಹೆಸರು ಯಾವ ಚಿತ್ರದ ಮೊದಲಲ್ಲೂ ಬಂದಿಲ್ಲ, ಕೊನೆಯಲ್ಲೂ ಬಂದಿಲ್ಲ. ನಾಯಕನ ಕೈಗೆ ಟಪಾಲು ಕೊಟ್ಟು ಹೋಗುವ ಅಂಚೆಯವರು ಅವರೇ. ಗಲ್ಲುಶಿಕ್ಷೆ ಹೇಳುವ ನ್ಯಾಯಾಧೀಶರು, ಮದುವೆ ಮಾಡಿಸಿ ಪಕ್ಕಕ್ಕೆ ಸರಿಯುವ ಪಾದ್ರಿ, ರೂಮು ಖಾಲಿಯಿಲ್ಲ ಎನ್ನುವ ಹೋಟೆಲ್ ಗುಮಾಸ್ತ, ಕುಂಟು ಕುದುರೆ ಮಾರುವ ದಲಾಲಿ, ಎಲ್ಲ ಅವರೇ. ಟ್ರಾಮಿನಲ್ಲಿ ಜನ ಅವರನ್ನು ತಡೆದು, ನೀವು ನಮ್ಮ ಊರಿನ ಔಷಧಿ ಅಂಗಡಿಯವರಲ್ಲವಾ ಎಂದು ಕೇಳುತ್ತಾರೆ. ಲೆಮ್ ಹೌದು ಎಂದುಬಿಡುತ್ತಾರೆ. ಅಲ್ಲ ಎಂದರೆ ಪಾಪ, ಅವರಿಗೆ ಮುಜುಗರ ಆಗುತ್ತದಂತೆ. ಹೀಗೆ ಅಯೋವಾದ ಒಬ್ಬ ಹೆಂಗಸಿಗೆ ಕೆಮ್ಮಿಗೆ ಔಷಧಿಯನ್ನೂ ಹೇಳಿ ಕಳಿಸಿದ್ದಾರೆ.

ಸ್ಟುಡಿಯೊ ಮಂದಿ ಅವರಿಗಿಟ್ಟ ಹೆಸರು ಸೂರ್ಯಕಾಂತಿ. ದೀಪ ಎಲ್ಲಿದೆಯೋ ಅತ್ತ ಮುಖ. ಗುಂಪಿನಲ್ಲಿ ಎಲ್ಲಿ ನಿಲ್ಲಿಸಿದರೂ ಸ್ವಲ್ಪ ಹೊತ್ತಿಗೆ ಬೆಳಕು ಬೀಳುವ ಜಾಗ ಹುಡುಕಿಕೊಂಡು ಬಂದಿರುತ್ತಾರೆ. ಮುಖ ತೋರಿಸುವ ಚಪಲ ಎಂದು ಬಹಳ ಜನ ಆಡಿಕೊಂಡಿದ್ದಾರೆ. ಅದಕ್ಕಿಂತ ದೊಡ್ಡ ತಲೆನೋವು ಅವರ ಮೇಲ್ದುಟಿ. ಅಂಟಿನ ಮೀಸೆ ಹಚ್ಚಲು ಬಿಡುವುದಿಲ್ಲ, ಗಡ್ಡದ ಹೆಸರೆತ್ತಿದರೆ ಬಾಗಿಲ ಕಡೆ ನಡೆಯುತ್ತಾರೆ. ಗಡ್ಡ ಬಿಟ್ಟವರಿಗೆ ಈ ಸಿನಿಮಾ ಊರಲ್ಲಿ ಕೆಲಸಕ್ಕೆ ಬರವಿಲ್ಲ. ಸೇನಾಪತಿ, ಪ್ರವಾದಿ, ರಷ್ಯಾದ ರಾಜಕುಮಾರ, ಹಡಗಿನ ಕಪ್ತಾನ, ಯಾವುದಕ್ಕೂ ಗಡ್ಡ ಬೇಕು. ಆ ಪಾತ್ರಗಳನ್ನೆಲ್ಲ ಲೆಮ್ ಕೈಯಾರೆ ಕಳೆದುಕೊಂಡಿದ್ದಾರೆ. ಬಣ್ಣ ಹಚ್ಚುವ ಮುದುಕ ಒಮ್ಮೆ ರೇಗಿ, ನಿನ್ನ ತುಟಿಯೇನು ಚಿನ್ನದ್ದಾ ಎಂದು ಕೇಳಿದನಂತೆ. ಕಾರಣ ಹೇಳಲು ಲೆಮ್ ಹೋಗಲಿಲ್ಲ.

ಕಾರಣ ನನಗೆ ಗೊತ್ತಾದದ್ದು ವೆಂಡಲ್ ಪೈಕ್ ಅವರಿಂದ. ವೆಂಡಲ್ ನಾನು ಬರೆಯುವ ಈ ಪತ್ರಿಕೆಯ ಅಚ್ಚುಮನೆಯಲ್ಲಿ ಅಚ್ಚುಮೊಳೆ ಎರಕದ ಯಂತ್ರದ ಮುಂದೆ ಕೂರುವವರು. ಅವರಿಗೂ ಕಿವಿ ಕೇಳಿಸುವುದಿಲ್ಲ. ಆ ಯಂತ್ರಗಳ ಗದ್ದಲದಲ್ಲಿ ನೆಮ್ಮದಿಯಾಗಿ ಕೆಲಸ ಮಾಡುವವರು ಅಂಥವರೇ. ನಾನು ಈ ಪತ್ರಿಕೆಗೆ ಬರುವ ಮುಂಚೆ ಮೂಕಿ ಚಿತ್ರಗಳ ನಡುನಡುವೆ ಬರುವ ಬರಹದ ಹಲಗೆ ಬರೆಯುತ್ತಿದ್ದೆ. 'ಅಷ್ಟರಲ್ಲಿ ಬೆಳಗಾಯಿತು', 'ಅಯ್ಯೋ, ಅವಳು ಬರಲೇ ಇಲ್ಲ', ಇಂಥವು. ಮಾತಾಡುವ ಚಿತ್ರ, ಟಾಕಿ, ಬಂತು, ಹಲಗೆ ಹೋಯಿತು, ನನ್ನ ಕೆಲಸವೂ ಹೋಯಿತು. ಹೊಸ ಕೆಲಸಕ್ಕೆ ಸೇರಿದ ದಿನ ಈ ಸಂಗತಿಯನ್ನು ವೆಂಡಲ್‌ಗೆ ತುಟಿ ಬಿಡಿಸಿ ಬಿಡಿಸಿ ಹೇಳಿಕೊಂಡೆ. ಅವರು ನನ್ನ ಕೈ ಹಿಡಿದುಕೊಂಡರು. "ನಿಮ್ಮ ಕೆಲಸ ಮಾತ್ರ ಹೋಯ್ತು," ಅಂದರು. "ನಮ್ಮ ಸಿನಿಮಾನೇ ಹೋಯ್ತಲ್ಲ."

ಅದುವರೆಗೆ ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಮೂಕಿ ಚಿತ್ರ ನಮಗೆಲ್ಲ ಮೂಕಿ, ಅವರಿಗೆ ಮಾತಿನ ಸಂತೆ. ಹಲಗೆಯ ಮೇಲೆ ನಾನು ಬರೆದದ್ದು ಒಂದು, ತೆರೆಯ ಮೇಲೆ ನಟರು ಬಾಯಲ್ಲಿ ಆಡಿದ್ದು ಇನ್ನೊಂದು. ನಾಯಕಿಯ ಮುಂದೆ ಮೊಣಕಾಲೂರಿ ಪ್ರಾಣವೇ ನಿನ್ನದು ಎನ್ನಬೇಕಾದ ನಾಯಕ, ಈ ಬೂಟು ಕೊಟ್ಟವನ ಮನೆ ಹಾಳಾಗ ಎಂದು ಬೈಯುತ್ತಿರುತ್ತಾನೆ. ನಾಯಕಿ ನಾಚಿ ತಲೆ ತಗ್ಗಿಸಿ, ನೀನು ಬೆಳ್ಳುಳ್ಳಿ ತಿಂದು ಬಂದಿದ್ದೀಯಾ ಎನ್ನುತ್ತಾಳೆ. ಹಾಲೆಲ್ಲ ಕರ್ಚೀಫು ಹಿಡಿದು ಅಳುವಾಗ ವೆಂಡಲ್ ಮತ್ತು ಅವರ ಗೆಳೆಯರ ಸಾಲು ಬಿದ್ದು ಬಿದ್ದು ನಗುತ್ತಿತ್ತು. ನಗು ಒಳ್ಳೆಯದೇ. ಆದರೆ ಅಳಬೇಕಾದಲ್ಲೂ ನಗುವ ಹಾಗಾಗಿ ಕಥೆ ಎಷ್ಟೋ ಸಲ ಕೈತಪ್ಪುತ್ತಿತ್ತು. ಆ ಜಾತ್ರೆಯಲ್ಲಿ ಒಬ್ಬನೇ ಒಬ್ಬ ಚಿಲ್ಲರೆ ನಟ, ಎಲ್ಲೋ ಮೂಲೆಯಲ್ಲಿ ನಿಂತವನು, ತುಟಿ ಮರೆಮಾಡುವ ಮೀಸೆಯಿಲ್ಲದೆ, ಬೆಳಕಿಗೆ ಮುಖ ಮಾಡಿ, ಆ ಕಥೆಗೆ ತಕ್ಕ ಮಾತನ್ನೇ ಸ್ಪಷ್ಟವಾಗಿ ಆಡುತ್ತಿದ್ದ. ಅವನಿಂದ ಕಥೆ ತಿಳಿಯುತ್ತಿತ್ತು. ಒಹಾಯೊದಿಂದ ಇಲ್ಲಿಯವರೆಗೆ ಕಿವಿ ಕೇಳದವರ ಕ್ಲಬ್ಬುಗಳಲ್ಲೆಲ್ಲ ಲೆಮ್ ಹ್ಯಾಸ್ಕೆಟ್ ಗೊತ್ತು. ದೊಡ್ಡ ದೊಡ್ಡ ನಾಯಕರ ಹೆಸರು ಬೇಕಾದರೆ ಅವರು ಮರೆತಾರು.

ಒಂದೇ ಒಂದು ಸಲ ಲೆಮ್ ತಪ್ಪಿದ್ದಾರೆ. ನ್ಯಾಯಾಧೀಶರಾಗಿ ಕೂತು ಗಲ್ಲುಶಿಕ್ಷೆ ಓದುವ ದೃಶ್ಯ. ಅವತ್ತು ಬೆಳಿಗ್ಗೆ ಗಡಿಬಿಡಿಯಲ್ಲಿ ಮನೆ ಬಿಟ್ಟಿದ್ದರು. ಕ್ಯಾಮರಾ ತಿರುಗುತ್ತಿರುವಾಗ ನೆನಪಾಗಿ, ಕೈದಿಯ ಕಣ್ಣಲ್ಲಿ ಕಣ್ಣಿಟ್ಟು, ಬಹಳ ಗಂಭೀರವಾಗಿ, "ವರ್ನಾ, ಹಿತ್ತಲ ಬಾಗಿಲು ಹಾಕಿದ್ದೀಯಾ?" ಎಂದುಬಿಟ್ಟರು. ಚಿತ್ರ ದೇಶವೆಲ್ಲ ಸುತ್ತಿತು. ಇವತ್ತಿಗೂ ಅವರನ್ನು ಕಂಡ ಕಿವಿ ಕೇಳದ ಯಾರೇ ಆಗಲಿ, ಕೈ ಕುಲುಕಿದ ಮೇಲೆ ಕೇಳುವ ಮೊದಲ ಪ್ರಶ್ನೆ ಹಿತ್ತಲ ಬಾಗಿಲಿನದ್ದು. ಲೆಮ್‌ಗೆ ಅದು ಇನ್ನೂ ನಾಚಿಕೆ. ಪಾಪ, ಒಬ್ಬ ಸಾಯೋಕೆ ಹೊರಟಿದ್ದ, ನಾನು ಬಾಗಿಲ ಚಿಂತೆ ಮಾಡ್ತಿದ್ದೆ ಎಂದು ಕೈ ಹೊಸೆಯುತ್ತಾರೆ.

ಈ ಜವಾಬ್ದಾರಿ ಅವರ ತಲೆಗೆ ಬಂದದ್ದು ಸಿನಿಮಾದಿಂದಲ್ಲ. ನೆಬ್ರಾಸ್ಕಾದ ಒಂದು ಚಿಕ್ಕ ಊರಿನಲ್ಲಿ ಅವರ ತಂದೆ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದರು. ಒಂದು ಚಳಿಗಾಲ ಮಲಗಿದವರು ಏಳಲಿಲ್ಲ. ಮನೆ ತುಂಬ ನೆಂಟರು. ಒಳಕೋಣೆಯಿಂದ ತಾಯಿಯ ಚೀರು ಕೇಳಿದ್ದೇ ಮನೆಗೆಲ್ಲ ತಿಳಿದುಹೋಯಿತು. ವರ್ನಾ ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ ಕಾಫಿ ಕಾಯಿಸುತ್ತಿದ್ದರು. ಟ್ರೇ ತುಂಬ ಬಟ್ಟಲು ಜೋಡಿಸಿಕೊಂಡು, ನಗುತ್ತ, ಯಾರಿಗೆ ಸಕ್ಕರೆ ಬೇಕು ಎಂದು ಕೇಳುತ್ತ ಹೊರಗೆ ಬಂದರು. ಒಬ್ಬೊಬ್ಬರೂ ಗೋಡೆ ನೋಡಿದರು, ನೆಲ ನೋಡಿದರು, ಬೆನ್ನು ತಿರುಗಿಸಿದರು. ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಕೊನೆಗೆ ಎಂಟು ವರ್ಷದ ಲೆಮ್ ಅಕ್ಕನ ಎದುರು ಹೋಗಿ ನಿಂತು, ಬಾಯಿ ಬಿಡಿಸಿ, ಅಪ್ಪ ಹೋದ ಎಂದರು.

"ಟ್ರೇ ಕೆಳಗೆ ಬಿದ್ದಿದ್ರೆ ಚೆನ್ನಾಗಿತ್ತು," ಎನ್ನುತ್ತಾರೆ ಲೆಮ್. "ಅವಳು ಬೀಳಿಸಲಿಲ್ಲ. ಮೆಲ್ಲಗೆ ಮೇಜಿನ ಮೇಲಿಟ್ಟಳು. ಒಂದು ಬಟ್ಟಲೂ ಅಲ್ಲಾಡಲಿಲ್ಲ. ಅದನ್ನ ನೋಡೋಕಾಗಲಿಲ್ಲ ನನಗೆ."

ವರ್ನಾ ಈ ಕಥೆ ಹೇಳುವುದಿಲ್ಲ. ಅವರು ಉಡುಪಿನ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಮಣಿ ಹೊಲಿಯುತ್ತಾರೆ. ತೆರೆಯ ಮೇಲೆ ಮಿನುಗುವ ಎಷ್ಟೋ ರಾಣಿಯರ ಬೆನ್ನ ಮೇಲೆ ಅವರ ಮಣಿಗಳಿವೆ. ಮಾತು ಸ್ವಲ್ಪ ಒರಟು, ದನಿ ಏರಿಳಿತವಿಲ್ಲದ್ದು, ಹೊರಗಿನವರೆದುರು ಆ ದನಿ ತೆಗೆಯುವುದೂ ಅಪರೂಪ. ಒಂದು ಮಧ್ಯಾಹ್ನ ನನಗೆ ಹುರುಳಿಕಾಯಿ ಬಿಡಿಸಲು ಕೊಟ್ಟು, ಸೂಜಿಗೆ ದಾರ ಪೋಣಿಸುತ್ತ ಹೇಳಿದರು: "ಊಟಕ್ಕೆ ಕೂತಾಗ ಎಲ್ಲರೂ ನಗ್ತಾರೆ. ಏನಂತೆ ಅಂತ ಕೇಳ್ತೀನಿ. ಆಮೇಲೆ ಹೇಳ್ತೀವಿ ಅಂತಾರೆ. ಆ ಆಮೇಲೆ ಅನ್ನೋದು ಇದೆಯಲ್ಲ ಐಡಾ, ಅದು ಇನ್ನೂ ಬಂದಿಲ್ಲ."

ಟಾಕಿ ಬಂದ ಮೇಲೆ ಇಬ್ಬರಿಗೂ ಏಟು ಬಿತ್ತು. ಗುಂಪಿನಲ್ಲಿ ನಿಂತವರು ಉಸಿರೆತ್ತಕೂಡದು, ಮಾತಾಡುವ ಪಾತ್ರಗಳಿಗೆ ನಾಟಕ ಕಂಪನಿಗಳಿಂದ ಬಂದ ಗಟ್ಟಿ ಗಂಟಲಿನವರು. ಲೆಮ್ ಅವರ ದನಿ ತೆಳ್ಳಗಿನದು, ಮೂಗಿನಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ. ದನಿಯನ್ನು ಅವರು ಯಾವತ್ತೂ ದುಡಿಸಿಕೊಂಡವರಲ್ಲ. ಇತ್ತ ಕ್ಲಬ್ಬಿನವರು ಸಿನಿಮಾ ಬಿಟ್ಟರು. ಬರಹದ ಹಲಗೆಯಿಲ್ಲ, ಮಾತಾಡುವವನ ಮುಖ ತೋರಿಸಲೇಬೇಕೆಂಬ ಕಟ್ಟೂ ಇಲ್ಲ. ಶನಿವಾರದ ಮಧ್ಯಾಹ್ನಗಳಲ್ಲಿ ಇಸ್ಪೀಟು ಆಡುತ್ತ ಕೂತರು. ವರ್ನಾಗೆ ಉಳಿದದ್ದು ಬೆಳಗಿನ ಜಾವದ ಅಡುಗೆ ಕಿಟಕಿಯ ಒಂದೇ ಚಿತ್ರ.

ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಲೆಮ್‌ಗೆ ಒಂದು ಮಾತು ಸಿಕ್ಕಿತು. ನಟನೆಗೆ ಬಂದ ಇಷ್ಟು ವರ್ಷಕ್ಕೆ ಮೊದಲ ಮಾತು. ರೈಲು ನಿಲ್ದಾಣದಲ್ಲಿ ನಾಯಕಿ ಗಂಡನಿಗಾಗಿ ಕಾಯುತ್ತಿರುತ್ತಾಳೆ. ಸ್ಟೇಷನ್ ಮಾಸ್ತರ್ ಬಂದು, "ಆ ರೈಲು ಬರೋದಿಲ್ಲ ತಾಯಿ" ಎನ್ನಬೇಕು. ಸೇತುವೆ ಕುಸಿದು ರೈಲು ಹೊಳೆಗೆ ಬಿದ್ದಿದೆ. ಕಥೆ ತಿರುಗುವುದೇ ಆ ಮಾತಿನ ಮೇಲೆ. ಲೆಮ್ ಸ್ಟೇಷನ್ ಮಾಸ್ತರ್. ಸುದ್ದಿ ತಂದ ಸಂಜೆ ಅಕ್ಕ ತಮ್ಮ ಇಬ್ಬರೂ ವಠಾರದ ಅಂಗಳದಲ್ಲಿ ನಿಂತು ನಗುತ್ತಲೇ ಇದ್ದರು. ವರ್ನಾ ಕ್ಲಬ್ಬಿಗೆ ಹೋಗಿ ಸಾರಿಬಂದರು. ಕ್ಲಬ್ಬಿನವರು ಎಲ್ಲರೂ ಒಟ್ಟಾಗಿ ಹೋಗಿ ಆ ಚಿತ್ರ ನೋಡುವುದೆಂದು ತೀರ್ಮಾನಿಸಿದರು. ಕಿವಿ ಕೇಳದ ನಾವು ಒಬ್ಬ ಮಾತಾಡ್ತಾನೆ ಅಂತ ಟಾಕಿಗೆ ಹೊರಟಿದ್ದೀವಿ, ಇದನ್ನ ಪತ್ರಿಕೇಲಿ ಹಾಕಿ ಎಂದು ವೆಂಡಲ್ ನನ್ನನ್ನು ಚುಡಾಯಿಸಿದರು. ಹಾಕಿದ್ದೇನೆ, ವೆಂಡಲ್.

ಚಿತ್ರೀಕರಣದ ದಿನ ನಾನೂ ಹೋಗಿದ್ದೆ. ದೊಡ್ಡ ಷೆಡ್ಡಿನೊಳಗೆ ಅರ್ಧ ನಿಲ್ದಾಣ ಎದ್ದು ನಿಂತಿತ್ತು. ಗದ್ದಲ ಮಾಡುವ ಕ್ಯಾಮರಾವನ್ನು ಗಾಜಿನ ಗೂಡಿನಲ್ಲಿ ಕೂಡಿಹಾಕಿದ್ದರು. ಮೈಕು ಗಡಿಯಾರದ ಹಿಂದೆ ಅಡಗಿತ್ತು. ನಿರ್ದೇಶಕರ ಹೆಸರು ಡಡ್ಲಿ ಫ್ರೇನ್, ಒಳ್ಳೆಯ ಮನುಷ್ಯ, ಸದಾ ಅವಸರ. ಅವರು ಲೆಮ್ ಭುಜ ಹಿಡಿದು ತಂದು ಕ್ಯಾಮರಾಗೆ ಬೆನ್ನು ಮಾಡಿ ನಿಲ್ಲಿಸಿದರು. ನಾಯಕಿ ಎದುರಿಗೆ. ತೆರೆ ತುಂಬ ಅವಳ ಮುಖ, ಅಂಚಿನಲ್ಲಿ ಲೆಮ್ ಟೋಪಿ ಮತ್ತು ಒಂದು ಕಿವಿ. ಸುದ್ದಿ ಕೇಳುವವಳ ಮುಖ ನೋಡಬೇಕು, ಹೇಳುವವನ ದನಿ ಕೇಳಿದರೆ ಸಾಕು ಎಂದರು ಫ್ರೇನ್. ತಪ್ಪೇನಿಲ್ಲ. ನಾನೇ ಬರೆದಿದ್ದರೂ ಹಾಗೇ ಬರೆಯುತ್ತಿದ್ದೆನೇನೊ.

ಲೆಮ್ ಮುಖ ನೋಡಿದೆ. ದೇಶದ ಎಲ್ಲ ಊರಿನಲ್ಲೂ ಅವರ ದನಿ ಕೇಳಲಿತ್ತು, ವರ್ನಾಗೆ ಮಾತ್ರ ಇಲ್ಲ. ಕ್ಲಬ್ಬಿನ ಜನರೆಲ್ಲ ಒಳ್ಳೆ ಬಟ್ಟೆ ಹಾಕಿಕೊಂಡು ಬಂದು ಒಂದು ಟೋಪಿಯ ಹಿಂಭಾಗ ನೋಡಿ ಮನೆಗೆ ಹೋಗಲಿದ್ದರು. ಲೆಮ್ ಫ್ರೇನ್ ಹತ್ತಿರ ಹೋಗಿ ಟೋಪಿ ತೆಗೆದರು. ಸ್ವಲ್ಪ ಓರೆಯಾಗಿ ನಿಲ್ಲಬಹುದಾ ಎಂದು ಕೇಳಿದರು. ಆಗುವುದಿಲ್ಲ ಎಂದರು ಫ್ರೇನ್. ದೀಪದವರು ಮೇಲಿನಿಂದ, ಸೂರ್ಯಕಾಂತಿಗೆ ಬಿಸಿಲು ಸಾಲದಂತೆ ಎಂದು ನಕ್ಕರು.

ನಾಯಕಿಯ ಹಿಂದೆ, ಅವಳ ಪೆಟ್ಟಿಗೆ ಹಿಡಿದು ನಿಲ್ಲುವ ಕೂಲಿಯ ಪಾತ್ರ ಒಂದಿತ್ತು. ಅವನಿಗೆ ಮಾತಿಲ್ಲ, ಆದರೆ ಮುಖ ಪೂರ್ತಿ ಕ್ಯಾಮರಾ ಕಡೆ. ಆ ಪಾತ್ರ ಬರ್ಟ್ ಮಲ್ಲಾಯ್ ಎಂಬವರದು. ಹಳೆಯ ನಾಟಕದವರು, ಪೀಪಾಯಿಯಂಥ ಗಂಟಲು, ತಿಂಗಳುಗಟ್ಟಲೆ ಒಂದೂ ಮಾತು ಸಿಗದೆ ಕುಗ್ಗಿಹೋಗಿದ್ದರು. ಲೆಮ್ ತಮ್ಮ ಸ್ಟೇಷನ್ ಮಾಸ್ತರ್ ಟೋಪಿಯನ್ನು ಅವರ ತಲೆಗಿಟ್ಟರು.

"ಹುಚ್ಚು ಹಿಡಿದಿದೆಯೇನೊ ನಿನಗೆ?" ಎಂದರು ಬರ್ಟ್. "ಮಾತಿದೆ ಕಣೊ ಅದರಲ್ಲಿ."

"ಗೊತ್ತು. ನಿನ್ನ ಬಾಯಲ್ಲಿ ಚೆನ್ನಾಗಿರುತ್ತೆ."

ಫ್ರೇನ್ ಇಬ್ಬರನ್ನೂ ನೋಡಿದರು. ಬರ್ಟ್ ಒಮ್ಮೆ ಆ ಮಾತು ಹೇಳಿ ತೋರಿಸಿದಾಗ ದನಿ ಹಿಡಿಯುವ ಯಂತ್ರದವರು ಗಾಜಿನ ಹಿಂದಿನಿಂದ ಕೈ ಎತ್ತಿ ಮೆಚ್ಚಿದರು. ಹಾಗಾದರೆ ಸರಿ ಎಂದು ಫ್ರೇನ್ ಒಪ್ಪಿದರು. ಆಗ ಲೆಮ್ ಎರಡನೆಯ ಬೇಡಿಕೆ ಇಟ್ಟರು. ಪಕ್ಕದ ಬೆಂಚಿನಲ್ಲಿ ಹೆಣಿಗೆ ಹಿಡಿದು ಕೂತ ಮುದುಕಿಯೊಬ್ಬರಿದ್ದಾರಲ್ಲ, ನಿಲ್ದಾಣದಲ್ಲಿ ಇಂಥ ಹೊತ್ತಲ್ಲಿ ಕೂಲಿ ಸುಮ್ಮನಿರುವುದಿಲ್ಲ, ಅವರ ಹತ್ತಿರ ಏನಾದರೂ ಪಿಸುಗುಟ್ಟುತ್ತಾನೆ ಎಂದರು. ಮೈಕಿಗೆ ಸಿಕ್ಕಿದರೆ ದೃಶ್ಯ ಹಾಳು ಎಂದು ಫ್ರೇನ್ ಹೆದರಿದರು.

"ದನಿ ತೆಗೆಯೋದಿಲ್ಲ ಸಾರ್," ಎಂದರು ಲೆಮ್. "ನನಗೆ ಅದು ರೂಢಿ ಇದೆ."

ಮುಖದ ಮೇಲೆ ಬೆಳಕು ಸಾಲದಾಗಿತ್ತು. ಪೆಟ್ಟಿಗೆ ಹಿಡಿದುಕೊಂಡು ಲೆಮ್ ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರು. ಎಲ್ಲಿ ನಿಂತರೂ ನಾಯಕಿಯ ಹ್ಯಾಟಿನ ನೆರಳು ತುಟಿಗೇ ಬರುತ್ತಿತ್ತು. ಮೇಲಿದ್ದ ದೀಪದವರಲ್ಲಿ ಒಬ್ಬ, ಆಗ ನಕ್ಕವನೇ ಇರಬೇಕು, ಏನೂ ಹೇಳದೆ ಒಂದು ಚಿಕ್ಕ ದೀಪವನ್ನು ತಿರುಗಿಸಿ ಅವರ ಗಲ್ಲದ ಮೇಲೆ ಬಿಟ್ಟ. ಲೆಮ್ ತಲೆಯೆತ್ತಿ ನೋಡಲಿಲ್ಲ, ಕೈಯ ಒಂದು ಬೆರಳು ಮಾತ್ರ ಎತ್ತಿದರು. ಬಾಗಿಲು ಮುಚ್ಚಿತು, ಕೆಂಪು ದೀಪ ಹೊತ್ತಿತು, ದೃಶ್ಯ ಒಂದೇ ಸಲಕ್ಕೆ ಮುಗಿಯಿತು. ಬರ್ಟ್ ದನಿಗೆ ನಾಯಕಿ ನಿಜವಾಗಿ ಅತ್ತಳು. ಲೆಮ್ ಏನು ಪಿಸುಗುಟ್ಟಿದರೋ ನನಗೆ ತಿಳಿಯಲಿಲ್ಲ. ನನಗೆ ತುಟಿ ಓದಲು ಬರುವುದಿಲ್ಲ, ಕೇಳಿದರೆ ಅವರು ಹೇಳಲೂ ಇಲ್ಲ.

ಮನೆಗೆ ಬಂದು ವರ್ನಾಗೂ ಹೇಳಲಿಲ್ಲ. ಪಾತ್ರ ಬದಲಾದದ್ದು ಕೂಡ ಹೇಳಲಿಲ್ಲ. ಅದಕ್ಕೆ ಭಯವೇ ಕಾರಣ. ಕತ್ತರಿ ಹಿಡಿದು ಕೂತವರು ಆ ತುಣುಕನ್ನು ಎಲ್ಲಿ ಕತ್ತರಿಸುತ್ತಾರೋ ಯಾರು ಬಲ್ಲರು. ನಾಯಕಿಯ ಮುಖವನ್ನು ಇನ್ನಷ್ಟು ಹತ್ತಿರ ತಂದರೆ ಹಿಂದಿನ ಕೂಲಿ ತೆರೆಯಿಂದಲೇ ಹೊರಗೆ. ಚಿತ್ರ ಬರುವವರೆಗೆ ತಿಂಗಳುಗಟ್ಟಲೆ ಲೆಮ್ ಪ್ರತಿ ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಅಕ್ಕನಿಗೆ ಹವಾಮಾನ, ಹಂದಿಮಾಂಸದ ಬೆಲೆ, ಬೆಕ್ಕಿನ ಸಮಾಚಾರ ಎಲ್ಲ ಹೇಳಿದರು. ಅದೊಂದನ್ನು ಬಿಟ್ಟು. ಈ ನಡುವೆ ಮಾತಿನ ಪಾತ್ರಕ್ಕೆಂದು ಮತ್ತೆ ಯಾರೂ ಕರೆಯಲಿಲ್ಲ. ಸಿಕ್ಕಿದ ಒಂದು ಮಾತನ್ನೂ ಬಿಟ್ಟುಕೊಟ್ಟವನು ಎಂದು ಸುದ್ದಿಯಾಗಿತ್ತು. ಬರ್ಟ್‌ಗೆ ಮಾತ್ರ ಅದಾದ ಮೇಲೆ ಎರಡು ಒಳ್ಳೆಯ ಪಾತ್ರ ಬಂದಿವೆ.

ಹೋದ ಶನಿವಾರ ಮಧ್ಯಾಹ್ನದ ಆಟಕ್ಕೆ ಕ್ಲಬ್ಬಿನವರೆಲ್ಲ ಬಂದರು. ವೆಂಡಲ್ ಹೂವಿನ ಟೈ ಕಟ್ಟಿದ್ದರು. ವರ್ನಾ ತಾವೇ ಹೊಲಿದ ಮಣಿಯ ಕಾಲರು ಹಾಕಿದ್ದರು. ನಾವು ಮೂರು ಸಾಲು ತುಂಬಿ ಕೂತೆವು. ಲೆಮ್ ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ, ಓಡಿಹೋಗಲು ಅನುಕೂಲವಾಗುವಂತೆ. ಮುಕ್ಕಾಲು ಚಿತ್ರ ಕ್ಲಬ್ಬಿನವರಿಗೆ ಬೇಸರವೇ. ಯಾರು ಯಾರಿಗೆ ಏನು ಹೇಳಿದರೆಂದು ಕೈಸನ್ನೆಯಲ್ಲಿ ಊಹೆಯ ಮೇಲೆ ಊಹೆ ಓಡಾಡುತ್ತಿತ್ತು. ನಿಲ್ದಾಣ ಬಂತು. ನಾಯಕಿ ಬೆಂಚಿನ ಹತ್ತಿರ ನಿಂತಿದ್ದಾಳೆ. ತೆರೆಯ ಅಂಚಿಗೆ ಸ್ಟೇಷನ್ ಮಾಸ್ತರರ ಅಗಲ ಬೆನ್ನು ಬಂತು. ವರ್ನಾ ತಮ್ಮನ ಬೆನ್ನನ್ನು ತಪ್ಪು ತಿಳಿಯುವವರಲ್ಲ. ಅವರ ಕೈ ವೆಂಡಲ್ ಕಡೆ ತಿರುಗಿ ಸನ್ನೆ ಮಾಡಿತು, ಇವನು ಲೆಮ್ ಅಲ್ಲ. ಆ ಸನ್ನೆ ಮೂರು ಸಾಲಿಗೂ ದಾಟಿ ಹೋದದ್ದನ್ನು ನೋಡಿದೆ. ಪಾತ್ರ ಕಿತ್ತುಕೊಂಡರು ಎಂದು ಎಲ್ಲರೂ ಅಂದುಕೊಂಡರು. ಕೈಗಳೆಲ್ಲ ಮಡಿಲಿಗೆ ಇಳಿದವು.

ಮಾಸ್ತರರು ಟೋಪಿ ತೆಗೆಯುತ್ತಿದ್ದಾರೆ, ಇನ್ನೂ ಬಾಯಿ ತೆರೆದಿಲ್ಲ. ನಾಯಕಿ ಅವರನ್ನೇ ನೋಡುತ್ತ, ರೈಲು ತಡವಂತಾ ಎಂದು ನಗುತ್ತ ಕೇಳುತ್ತಿದ್ದಾಳೆ. ಅವಳ ಹ್ಯಾಟಿನ ಹಿಂದೆ, ಚಿಕ್ಕ ದೀಪದ ಬೆಳಕಲ್ಲಿ, ಪೆಟ್ಟಿಗೆ ಹಿಡಿದ ಕೂಲಿ ಬೆಂಚಿನ ಮುದುಕಿಯ ಕಡೆ ಸ್ವಲ್ಪ ಬಾಗಿದ. ಮುಖ ನಮ್ಮ ಕಡೆಗೇ ಇತ್ತು. ತುಟಿ ಆಡಿತು.

ನಮ್ಮ ಮೂರು ಸಾಲುಗಳು ಒಟ್ಟಿಗೆ ಉಸಿರೆಳೆದವು. ವರ್ನಾ ಬಾಯಿಗೆ ಕೈ ಹಿಡಿದರು. ವೆಂಡಲ್ ಕಣ್ಣು ತುಂಬಿತ್ತು. ಉಳಿದ ಹಾಲು ಇನ್ನೂ ನಾಯಕಿಯ ಜೊತೆ ನಗುತ್ತಿತ್ತು, ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು. ಆಮೇಲೆ ಬರ್ಟ್ ದನಿ ತೆರೆಯಿಂದ ಉರುಳಿ ಬಂತು, ಆ ರೈಲು ಬರೋದಿಲ್ಲ ತಾಯಿ. ಆಗ ಹಾಲೆಲ್ಲ ಅತ್ತಿತು. ನನ್ನ ಪಕ್ಕದವರು ಆಗಲೇ ಅಳುತ್ತಿದ್ದರು. ನಾನು ತಿರುಗಿ ನೋಡಿದೆ. ಲೆಮ್ ತೆರೆಯ ಕಡೆ ನೋಡುತ್ತಲೇ ಇರಲಿಲ್ಲ. ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ತಮ್ಮವರ ಮುಖಗಳನ್ನು ನೋಡುತ್ತ ಕೂತಿದ್ದರು.

ಹೊರಗೆ ಇನ್ನೂ ಬಿಸಿಲಿತ್ತು. ಕ್ಲಬ್ಬಿನವರು ಒಬ್ಬೊಬ್ಬರಾಗಿ ಬಂದು ಲೆಮ್ ಬೆನ್ನು ತಟ್ಟಿದರು. ಅವತ್ತು ಹಿತ್ತಲ ಬಾಗಿಲ ಮಾತು ಯಾರೂ ಎತ್ತಲಿಲ್ಲ. ಕೂಲಿ ಏನು ಹೇಳಿದನೆಂದು ನಾನು ವೆಂಡಲ್ ಅವರನ್ನು ಕೇಳಿದೆ. ಅವರು ಕಣ್ಣೊರೆಸಿಕೊಂಡು ಹೇಳಿದರು: "ಆ ರೈಲು ಬರೋದಿಲ್ಲಮ್ಮ. ಪಾಪ, ಆ ಹುಡುಗಿಗೆ ಇನ್ನೂ ಯಾರೂ ಹೇಳಿಲ್ಲ."

ಮನೆಗೆ ನಡೆದು ಬರುವಾಗ ವರ್ನಾ ತಮ್ಮನನ್ನು ಬೈಯುತ್ತಲೇ ಇದ್ದರು. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದಕ್ಕೆ, ಸಿಕ್ಕಿದ ಮಾತು ದಾನ ಮಾಡಿದ್ದಕ್ಕೆ, ಆ ಕೂಲಿಯ ಅಂಗಿ ಅಷ್ಟು ಕೊಳೆಯಾಗಿದ್ದಕ್ಕೆ. ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, ತಮ್ಮ ಸ್ವಂತ ದನಿಯಲ್ಲಿ ಬೈದರು. ಲೆಮ್ ಎರಡು ಹೆಜ್ಜೆ ಮುಂದೆ, ಅಕ್ಕನ ಕಡೆ ಮುಖ ಮಾಡಿಕೊಂಡು, ಹಿಂದುಮುಂದಾಗಿಯೇ ನಡೆಯುತ್ತಿದ್ದರು. ಒಂದು ಕಸದ ಡಬ್ಬಿಗೆ ಡಿಕ್ಕಿಯನ್ನೂ ಹೊಡೆದರು. ವಠಾರದ ಬಾಗಿಲಲ್ಲಿ ಅಕ್ಕ ಬೀಗದ ಕೈ ಹುಡುಕುವಾಗ ನಾನು ಕೇಳಿದೆ, ನಿಮ್ಮ ದನಿ ಒಂದು ಸಲವಾದರೂ ಲೋಕಕ್ಕೆ ಕೇಳಿಸಬೇಕು ಅನ್ನಿಸಲಿಲ್ಲವಾ ಎಂದು.

ಲೆಮ್ ಅಕ್ಕನ ಕಡೆ ನೋಡಿದರು.

"ಅಪ್ಪ ಹೋದ ದಿನ ಮನೇಲಿ ಎಲ್ಲರಿಗೂ ಗೊತ್ತಾದ ಮೇಲೆ ಕೊನೇಲಿ ಗೊತ್ತಾಗಿದ್ದು ಅವಳಿಗೆ," ಎಂದರು. "ಇವತ್ತು ಇಡೀ ಹಾಲಿನಲ್ಲಿ ಮೊದಲು ಗೊತ್ತಾಗಿದ್ದು ಅವಳಿಗೇ. ನೀನು ನೋಡಿದೆಯಲ್ಲ ಐಡಾ?"